ಲೈಟ್ ಹತ್ತುತ್ತೆ, ಧ್ವನಿ ಬರಲ್ಲ: ಲಿನಕ್ಸ್‌ನಲ್ಲಿ ಆಡಿಯೋ ಇಂಟರ್‌ಫೇಸ್ ಹಠ ಹಿಡಿದಾಗ

(ಸಂಚಿಕೆಯ ಬರಹ ರೂಪ. ಕೇಳಿಸಿಕೊಂಡೇ ಟೈಪ್ ಮಾಡೋರಿಗಾಗಿ ಕಮಾಂಡ್‌ಗಳನ್ನು ಅಕ್ಷರ ಬಿಡಿಸಿ ಹೇಳಿದ್ದೆ. ಇಲ್ಲೂ ಹಾಗೇ ಇಟ್ಟಿದ್ದೇನೆ.)

ಚಳ್ಳಕೆರೆಯಿಂದ ಮಾತಾಡ್ತಾ ಇದ್ದೀನಿ. ಇಯರ್‌ಫೋನ್ ಇದ್ದರೆ ಇವತ್ತು ಎರಡೂ ಕಿವಿಗೆ ಹಾಕ್ಕೊಳ್ಳಿ. ಮುಂದೆ ಒಂದು ಕಡೆ ಬೇಕಾಗುತ್ತೆ.

ಮೊಳಕಾಲ್ಮೂರಿನ ಒಬ್ಬ ಕೇಳುಗ ವಾಯ್ಸ್ ನೋಟ್ ಕಳಿಸಿದ್ದ. ಹೆಸರು ಹೇಳಬೇಡಿ ಅಂದಿದ್ದಾನೆ, ಹೇಳಲ್ಲ. ಅವನ ಮಾತು ಇಷ್ಟೇ: "ಅಣ್ಣಾ, ಸೆಕೆಂಡ್ ಹ್ಯಾಂಡ್ ಇಂಟರ್‌ಫೇಸ್ ತಗಂಡೆ. ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಮಿಂಟ್ ಹಾಕಿದೀನಿ. ಚುಚ್ಚಿದ್ರೆ ಲೈಟ್ ಹತ್ತುತ್ತೆ, ಸೌಂಡ್ ಬರಲ್ಲ. ಅಮಾವಾಸ್ಯೆ ದಿನ ನಮ್ಮನೇಲಿ ಮಗ್ಗ ನಿಲ್ಸ್ತಾರೆ, ಮನೆ ಸೈಲೆಂಟಾಗಿರ್ತೈತೆ. ಅವತ್ತು ಅಜ್ಜಿ ಪದ ರೆಕಾರ್ಡ್ ಮಾಡ್ಬೇಕು. ಡಬ್ಬೀನ ವಾಪಸ್ ಕಳಿಸ್ಲಾ, ಇಟ್ಕಳ್ಲಾ?"

ಅಮಾವಾಸ್ಯೆಗೆ ಒಂಬತ್ತು ದಿನ ಇತ್ತು. ಕೊರಿಯರ್‌ನಲ್ಲಿ ಬೆಂಗಳೂರಿಗೆ ಹೋಗಿ, ಅವರು ನೋಡಿ, ತಿರುಗಿ ಬರೋ ಹೊತ್ತಿಗೆ ಆ ದಿನ ಕಳೆದೇ ಹೋಗುತ್ತೆ. ಮುಂದಿನ ಅಮಾವಾಸ್ಯೆ ಬರುತ್ತೆ ನಿಜ, ಆದರೆ ಅಜ್ಜಿಗೆ ಎಂಬತ್ತು ದಾಟಿದೆ. ಅದಕ್ಕೇ ಈ ಸಂಚಿಕೆ.

ನಮ್ಮ ಕಡೆಯವರಿಗೆ ಇದರ ಬೆಲೆ ಗೊತ್ತಿರಬೇಕು. ಚಳ್ಳಕೆರೆ ತಾಲ್ಲೂಕಿನ ಜನಪದ ಸಿರಿಯಜ್ಜಿ ಸಾವಿರಾರು ಪದಗಳನ್ನು ಬರೀ ನೆನಪಿನಿಂದ ಹಾಡ್ತಿದ್ದರು. ಕೃಷ್ಣಮೂರ್ತಿ ಹನೂರರಂಥವರು ಅವರ ಮುಂದೆ ಕೂತು ದಾಖಲಿಸಿಕೊಂಡಿದ್ದರಿಂದ ಅವು ನಮಗೆ ಸಿಕ್ಕಿವೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಮಾತು ಎರಡು ಸಾವಿರ ವರ್ಷ ದಾಟಿ ಉಳಿದಿದೆ, ಯಾಕಂದ್ರೆ ಅದು ಬಂಡೆ ಮೇಲಿದೆ. ಅಜ್ಜಿಯ ರಾಗಕ್ಕೆ ಬಂಡೆ ಇಲ್ಲ, ಈ ಡಬ್ಬಿನೇ ಗತಿ.

ಡಬ್ಬಿ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ: ಆಡಿಯೋ ಇಂಟರ್‌ಫೇಸ್ ಮೈಕಿನ ಸಣ್ಣ ಸಿಗ್ನಲ್ ತಗೊಂಡು, ದೊಡ್ಡದು ಮಾಡಿ, ಅಂಕಿಗಳಾಗಿ ಬದಲಾಯಿಸಿ ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಕೊಡುತ್ತೆ. ಫೋಕಸ್‌ರೈಟ್ ಸ್ಕಾರ್ಲೆಟ್, ಬೆಹ್ರಿಂಗರ್, ಮೋಟು ಇವೆಲ್ಲ ಈ ಜಾತಿಯವು. ಇವುಗಳಲ್ಲಿ ಬಹುಪಾಲು 'ಕ್ಲಾಸ್ ಕಂಪ್ಲಯಂಟ್'. ಅಂದರೆ ಯುಎಸ್‌ಬಿ ಆಡಿಯೋಗೆ ಅಂತ ಇರುವ ಒಂದು ಸಾಮಾನ್ಯ ನಿಯಮದ ಪ್ರಕಾರ ಮಾತಾಡ್ತವೆ, ಬೇರೆ ಡ್ರೈವರ್ ಸಿಡಿ ಬೇಡ. ಲಿನಕ್ಸ್ ಕರ್ನಲ್‌ಗೆ ಆ ನಿಯಮ ಮೊದಲೇ ಗೊತ್ತಿದೆ. 'ಲಿನಕ್ಸಲ್ಲಿ ಆಡಿಯೋ ಆಗಲ್ಲ ಬಿಡು' ಅನ್ನೋ ಮಾತು ಹಳೇದಾಯ್ತು.

ಇನ್ನು ಲಿನಕ್ಸೇ ಯಾಕೆ? ವಿಂಡೋಸ್ 10ರ ಉಚಿತ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ವಿಂಡೋಸ್ 11ಕ್ಕೆ ಅರ್ಹವಲ್ಲ. ಗುಜರಿಗೆ ಹಾಕೋ ಬದಲು ಹುಡುಗರು ಮಿಂಟ್, ಉಬುಂಟು ಹಾಕ್ಕೋತಾ ಇದ್ದಾರೆ. ಕನ್ನಡದಲ್ಲಿ ಲಿನಕ್ಸ್ ಕಲಿಸಿದವರಿಲ್ಲ ಅಂತೇನಿಲ್ಲ, ಓಂಶಿವಪ್ರಕಾಶ್ ಅವರ 'ಲಿನಕ್ಸಾಯಣ' ಓದಿ ಶುರು ಮಾಡಿದವರು ಎಷ್ಟೋ ಜನ. ಆದರೆ ಮೈಕು, ಇಂಟರ್‌ಫೇಸು ಅಂತ ಬಂದಾಗ ನಮ್ಮ ಹುಡುಗರು ಇಂಗ್ಲಿಷ್ ವಿಡಿಯೋಗಳ ಸಂತೆಯಲ್ಲಿ ಕಳೆದುಹೋಗ್ತಾರೆ.

ನಾನು ಓದಿದ್ದು ಬಿ.ಕಾಂ. ಎಂಜಿನಿಯರ್ ಅಲ್ಲ. ಆದರೆ ಟ್ರಯಲ್ ಬ್ಯಾಲೆನ್ಸ್ ತಾಳೆ ಆಗದೇ ಇದ್ದಾಗ ಏನು ಮಾಡಬೇಕು ಅಂತ ಗೊತ್ತು. ಇಡೀ ಲೆಡ್ಜರ್ ಹರಿದು ಹೊಸದು ಬರೆಯಲ್ಲ. ಎಲ್ಲಿವರೆಗೆ ಲೆಕ್ಕ ಸರಿ ಇದೆ, ಯಾವ ಪುಟದಿಂದ ತಪ್ಪಿದೆ ಅಂತ ಹುಡುಕ್ತೀವಿ. ಇಲ್ಲೂ ಅಷ್ಟೇ. ಧ್ವನಿ ಒಂದು ದಾರೀಲಿ ನಡೆದು ಬರುತ್ತೆ: ಮೈಕ್, ಡಬ್ಬಿ, ಕೇಬಲ್, ಕರ್ನಲ್, ಆಲ್ಸಾ, ಪೈಪ್‌ವೈರ್, ಕೊನೆಗೆ ಆಡಾಸಿಟಿಯೋ ಆರ್ಡರೋ. ಎಲ್ಲಿವರೆಗೆ ಬಂದಿದೆ ಅಂತ ನೋಡಿದರೆ ಅರ್ಧ ಕೆಲಸ ಮುಗೀತು. ಬಹಳ ಜನ ಮಾಡೋದು ಉಲ್ಟಾ. ಧ್ವನಿ ಬರ್ತಿಲ್ಲ ಅಂದ ತಕ್ಷಣ ಲಿನಕ್ಸನ್ನೇ ಅಳಿಸಿ ಇನ್ನೊಂದು ಲಿನಕ್ಸ್ ಹಾಕ್ತಾರೆ. ತೊಂದರೆ ಕೇಬಲ್ಲಲ್ಲಿ ಇದ್ದರೆ ಹತ್ತು ಸಲ ಹಾಕಿದರೂ ಅಷ್ಟೇ.

ಮೊದಲನೇ ಪ್ರಶ್ನೆ: ಕಂಪ್ಯೂಟರಿಗೆ ಡಬ್ಬಿ ಕಾಣ್ತಿದೆಯಾ? ಟರ್ಮಿನಲ್ ತೆಗೆದು ಟೈಪ್ ಮಾಡಿ: ಎಲ್, ಎಸ್, ಯು, ಎಸ್, ಬಿ. ಎಲ್ಲಾ ಸಣ್ಣಕ್ಷರ, ಮಧ್ಯೆ ಜಾಗ ಇಲ್ಲ. ಎಂಟರ್. ಯುಎಸ್‌ಬಿಗೆ ಚುಚ್ಚಿರೋದೆಲ್ಲ ಸಾಲಾಗಿ ಬರುತ್ತೆ, ಕೀಬೋರ್ಡು, ಮೌಸು, ವೆಬ್‌ಕ್ಯಾಮು. ಅದರಲ್ಲಿ ನಿಮ್ಮ ಇಂಟರ್‌ಫೇಸಿನ ಹೆಸರು ಇರಬೇಕು. ಫೋಕಸ್‌ರೈಟ್ ಆದರೆ ಸಾಲಿನಲ್ಲಿ 1235 ಅನ್ನೋ ಸಂಖ್ಯೆ ಇರುತ್ತೆ, ಅದು ಆ ಕಂಪನಿಯ ಗುರುತು.

ಹೆಸರು ಇಲ್ಲವಾ? ಹಾಗಾದರೆ ಸಾಫ್ಟ್‌ವೇರ್ ಮುಟ್ಟಲೇಬೇಡಿ. ತೊಂದರೆ ಕೇಬಲ್, ಪೋರ್ಟ್ ಅಥವಾ ಡಬ್ಬಿಯಲ್ಲೇ ಇದೆ.

ನಮ್ಮ ಮೊಳಕಾಲ್ಮೂರಿನ ಹುಡುಗನಿಗೆ ಫೋನಲ್ಲಿ ಇದನ್ನೇ ಮಾಡಿಸಿದೆ. ಹೆಸರು ಇರಲಿಲ್ಲ. "ಕೇಬಲ್ ಎಲ್ಲಿಂದು ತಮ್ಮಾ?" ಅಂದೆ. ಹಳೇ ಮಾಲೀಕ ಕೇಬಲ್ ಕೊಟ್ಟಿರಲಿಲ್ಲವಂತೆ, ಮನೇಲಿದ್ದ ಪವರ್ ಬ್ಯಾಂಕಿನ ಟೈಪ್-ಸಿ ಕೇಬಲ್ ಹಾಕಿದ್ದ. ಅಗ್ಗದ ಕೆಲವು ಕೇಬಲ್‌ಗಳ ಒಳಗೆ ಕರೆಂಟಿನ ಎರಡು ತಂತಿ ಮಾತ್ರ ಇರುತ್ತೆ, ಡೇಟಾದ ತಂತಿ ಇರೋದೇ ಇಲ್ಲ. ಚಾರ್ಜಿಂಗಿಗೆ ಅಷ್ಟೇ ಸಾಕಲ್ಲ! ಅದಕ್ಕೇ ಲೈಟ್ ಹತ್ತುತ್ತೆ, ಧ್ವನಿ ಬರಲ್ಲ. ಪರೀಕ್ಷೆ ಸುಲಭ. ಅದೇ ಕೇಬಲ್‌ನಲ್ಲಿ ಫೋನನ್ನ ಲ್ಯಾಪ್‌ಟಾಪಿಗೆ ಹಾಕಿ ಫೋಟೋ ಕಾಪಿ ಮಾಡೋಕೆ ನೋಡಿ. ಫೋನ್ ಬರೀ ಚಾರ್ಜ್ ಆಗ್ತಾ ಇದ್ದು ಫೈಲ್ ಕಾಣದೇ ಇದ್ದರೆ ಕೇಬಲ್ಲೇ ಕಳ್ಳ. ಅಕ್ಕನ ಫೋನಿನ ಕೇಬಲ್ ತಂದು ಹಾಕಿದ, ಡಬ್ಬಿಯ ಹೆಸರು ಬಂತು. ಕೊರಿಯರ್ ದುಡ್ಡು ಉಳೀತು.

ನಿಮ್ಮ ಹತ್ರ ಆಂಡ್ರಾಯ್ಡ್ ಫೋನ್ ಇದೆಯಲ್ಲ, ಅದೂ ಒಂದು ಟೆಸ್ಟರ್. ಡಬ್ಬಿಯನ್ನ ಒಟಿಜಿ ಮೂಲಕ ಫೋನಿಗೇ ಚುಚ್ಚಿ, ಯುಎಸ್‌ಬಿ ಮೈಕ್ ಬಳಸೋ ರೆಕಾರ್ಡರ್ ಆ್ಯಪ್‌ನಲ್ಲಿ ಮಾತಾಡಿ ನೋಡಿ. ಫೋನಲ್ಲಿ ಧ್ವನಿ ಬಂದರೆ ಡಬ್ಬಿ ಚೆನ್ನಾಗಿದೆ ಅಂತ ಸಾಬೀತು. ಬರದಿದ್ದರೆ ಮಾತ್ರ ಡಬ್ಬಿ ಸತ್ತಿದೆ ಅನ್ನಬೇಡಿ, ಫೋನು ಸಾಕಷ್ಟು ಕರೆಂಟ್ ಕೊಡದೇ ಇರಬಹುದು.

ಕರೆಂಟಿನ ವಿಷಯ ಲ್ಯಾಪ್‌ಟಾಪಿಗೂ ಇದೆ. ಯುಎಸ್‌ಬಿ 2.0 ಪೋರ್ಟ್ ಕೊಡೋದು 500 ಮಿಲಿಆಂಪ್. ಅಡಾಪ್ಟರ್ ಇಲ್ಲದ ಹಬ್ ಒಂದಕ್ಕೆ ಇಂಟರ್‌ಫೇಸ್, ಮೌಸು, ಪೆನ್‌ಡ್ರೈವ್ ಮೂರನ್ನೂ ಹಾಕಿ, ಮೇಲೆ ಕಂಡೆನ್ಸರ್ ಮೈಕಿಗೆ 48 ವೋಲ್ಟ್ ಬಟನ್ ಒತ್ತಿದರೆ, ಅದೇ 500ರಲ್ಲಿ ಎಲ್ಲರೂ ಪಾಲು ಕೇಳ್ತಾರೆ. ಡಬ್ಬಿ ಬಂದು ಬಂದು ಹೋಗುತ್ತೆ. ಇದನ್ನ ಕಣ್ಣಾರೆ ನೋಡಬೇಕಾದರೆ ಎಸ್ ಯು ಡಿ ಓ, ಸ್ಪೇಸ್, ಡಿ ಎಂ ಇ ಎಸ್ ಜಿ, ಸ್ಪೇಸ್, ಅಡ್ಡಗೆರೆ, ಸಣ್ಣ ಡಬ್ಲ್ಯು ಅಂತ ಕೊಟ್ಟು, ಆಮೇಲೆ ಕೇಬಲ್ ತೆಗೆದು ಹಾಕಿ. ಕರ್ನಲ್ ತನ್ನ ದಿನಚರಿ ನಿಮ್ಮ ಮುಂದೇನೇ ಬರೆಯುತ್ತೆ. 'ಎರರ್ ಮೈನಸ್ 71' ಅಂತ ಪದೇ ಪದೇ ಬಂದರೆ ಮಾತುಕತೆ ಮಧ್ಯದಲ್ಲೇ ಮುರೀತಿದೆ ಅಂತ ಅರ್ಥ. ಹಬ್ ಬಿಟ್ಟು ನೇರ ಪೋರ್ಟಿಗೆ ಹಾಕಿ, ಕೇಬಲ್ ಬದಲಾಯಿಸಿ. ಬಹಳ ಸಲ ಅಲ್ಲಿಗೇ ಸರಿಹೋಗುತ್ತೆ.

ಸ್ಕಾರ್ಲೆಟ್ ಮೂರನೇ ತಲೆಮಾರಿನ ಸೋಲೋ ಅಥವಾ ಟು-ಐ-ಟು ಹೊಸದಾಗಿ ತಗೊಂಡವರಿಗೆ ಒಂದು ಮಾತು. ಅದು ಮೊದಲ ಸಲ ಪೆನ್‌ಡ್ರೈವ್ ಥರಾನೂ ಕಾಣಿಸಿಕೊಳ್ಳುತ್ತೆ. ಕೆಟ್ಟಿಲ್ಲ. ರಿಜಿಸ್ಟರ್ ಮಾಡ್ಕೊಳ್ಳಿ ಅಂತ ವೆಬ್ ಲಿಂಕ್ ತೋರಿಸೋಕೆ ಕಂಪನಿ ಇಟ್ಟಿರೋ ವ್ಯವಸ್ಥೆ ಅದು. 48 ವೋಲ್ಟ್ ಬಟನ್ ಒತ್ತಿ ಹಿಡಿದುಕೊಂಡೇ ಕೇಬಲ್ ಚುಚ್ಚಿದರೆ ಆ ಮೋಡ್ ಹೋಗುತ್ತೆ. ಸ್ಕಾರ್ಲೆಟ್‌ನ ಒಳಗಿನ ಸ್ವಿಚ್‌ಗಳನ್ನ ಲಿನಕ್ಸಿಂದಲೇ ತಿರುಗಿಸೋ ಡ್ರೈವರ್ ಮತ್ತು ಆ್ಯಪನ್ನ ಜೆಫ್ರಿ ಬೆನೆಟ್ ಅನ್ನೋ ಡೆವಲಪರ್ ಬೆಳೆಸಿದ್ದಾರೆ. ಕರ್ನಲ್ 6.7ರಿಂದ ಆ ಡ್ರೈವರ್ ತಾನಾಗೇ ಚಾಲೂ ಇರುತ್ತೆ, ಅದಕ್ಕಿಂತ ಹಳೇದರಲ್ಲಿ ಕೈಯಾರೆ ಆನ್ ಮಾಡಬೇಕು.

ಸರಿ, ಡಬ್ಬಿ ಕಾಣಿಸ್ತು ಅಂತಿಟ್ಕೊಳ್ಳಿ. ಮುಂದಿನ ಪುಟ ಆಲ್ಸಾ, ಅಂದರೆ ಕರ್ನಲ್ ಒಳಗಿನ ಸೌಂಡ್ ವಿಭಾಗ. ಎ ಅಂತ ಹಾಕಿ, ಅಂಟಿಸಿಯೇ ರೆಕಾರ್ಡ್ ಪದದ ಸ್ಪೆಲಿಂಗ್, ಆಮೇಲೆ ಸ್ಪೇಸ್, ಅಡ್ಡಗೆರೆ, ಸಣ್ಣ ಎಲ್. ರೆಕಾರ್ಡ್ ಮಾಡಬಲ್ಲ ಸಾಧನಗಳ ಪಟ್ಟಿ ಬರುತ್ತೆ. ಯುಎಸ್‌ಬಿ ಪಟ್ಟಿಯಲ್ಲಿ ಇದ್ದು ಇಲ್ಲಿ ಇಲ್ಲ ಅಂದರೆ ಕರ್ನಲ್‌ಗೆ ಡಬ್ಬಿಯ ಭಾಷೆ ತಿಳೀತಿಲ್ಲ, ಅಪ್‌ಡೇಟ್ ಮಾಡಿ. ಇಲ್ಲಿ ಇದ್ದರೆ ಕೆಳಗಿನದೆಲ್ಲ ತಾಳೆ ಆಯ್ತು, ಮುಂದಕ್ಕೆ ನಡೀರಿ.

ಗೊಂದಲ ಜಾಸ್ತಿ ಇರೋದು ಮುಂದಿನ ಮೆಟ್ಟಿಲಲ್ಲಿ. ಆಲ್ಸಾ ಮೇಲೆ ಕೂತು, ಯಾವ ಆ್ಯಪಿಗೆ ಯಾವ ಮೈಕು ಅಂತ ಹಂಚೋ ಒಬ್ಬ ಮೇಸ್ತ್ರಿ ಇದ್ದಾನೆ. ಮೊದಲು ಆ ಮೇಸ್ತ್ರಿ ಪಲ್ಸ್‌ಆಡಿಯೋ. ಈಗ ವಿಮ್ ಟೇಮನ್ಸ್ ಶುರು ಮಾಡಿದ ಪೈಪ್‌ವೈರ್. ಫೆಡೋರಾ 2021ರಲ್ಲಿ, ಉಬುಂಟು 2022ರ ಅಕ್ಟೋಬರಿನಲ್ಲಿ, ಮಿಂಟ್ 2024ರಲ್ಲಿ 22ನೇ ಆವೃತ್ತಿಯಿಂದ ಇದಕ್ಕೆ ಬಂದವು. ಇದನ್ನ ಹೇಳೋಕೆ ಕಾರಣ ಇದೆ. ಯೂಟ್ಯೂಬಲ್ಲಿ ಹತ್ತು ವರ್ಷದ ಹಿಂದಿನ ವಿಡಿಯೋಗಳು ಇನ್ನೂ 'ಪಲ್ಸ್‌ಆಡಿಯೋ ಕಿತ್ತುಹಾಕಿ, ಜ್ಯಾಕ್ ಹಾಕಿ' ಅಂತ ಬೋಧನೆ ಮಾಡ್ತಿವೆ. ಹಾಗೆ ಕಿತ್ತುಹಾಕೋಕೆ ಹೋದರೆ ಜೊತೆಗೆ ಡೆಸ್ಕ್‌ಟಾಪಿನ ಭಾಗಗಳೂ ಎದ್ದುಹೋಗಬಹುದು. ಪಾಡ್‌ಕಾಸ್ಟ್ ಮಾಡೋಕೆ, ಪದ ರೆಕಾರ್ಡ್ ಮಾಡೋಕೆ ಅದ್ಯಾವುದೂ ಬೇಡ. ವಿಡಿಯೋದ ತಾರೀಖು ನೋಡಿ, ಆಮೇಲೆ ಅದರ ಮಾತು ಕೇಳಿ.

ಮಾಡಬೇಕಾದ್ದು ಇಷ್ಟು. ಸಾಫ್ಟ್‌ವೇರ್ ಮ್ಯಾನೇಜರಿನಿಂದ 'ಪಲ್ಸ್‌ಆಡಿಯೋ ವಾಲ್ಯೂಮ್ ಕಂಟ್ರೋಲ್' ಅನ್ನೋ ಸಣ್ಣ ಆ್ಯಪ್ ಹಾಕ್ಕೊಳ್ಳಿ. ಹೆಸರಲ್ಲಿ ಪಲ್ಸ್ ಇದ್ದರೂ ಪೈಪ್‌ವೈರ್ ಜೊತೆ ಚೆನ್ನಾಗೇ ನಡೆಯುತ್ತೆ. ಕೊನೇ ಟ್ಯಾಬ್ ಕಾನ್ಫಿಗರೇಶನ್. ಅಲ್ಲಿ ನಿಮ್ಮ ಡಬ್ಬಿಯ ಮುಂದೆ 'ಆಫ್' ಅಂತ ಇದೆಯಾ, ಬರೀ 'ಔಟ್‌ಪುಟ್' ಅಂತ ಇದೆಯಾ ನೋಡಿ. ಬರೀ ಔಟ್‌ಪುಟ್ ಇದ್ದರೆ ಹಾಡು ಕೇಳುತ್ತೆ, ಮೈಕ್ ಮಾತ್ರ ಕಾಣಲ್ಲ. ಇನ್‌ಪುಟ್ ಸೇರಿರೋದನ್ನ ಆರಿಸಿ. ಇನ್‌ಪುಟ್ ಡಿವೈಸಸ್ ಟ್ಯಾಬ್‌ನಲ್ಲಿ ಮಾತಾಡಿದ ಹಾಗೆ ಪಟ್ಟಿ ಕುಣಿದರೆ ಪೈಪ್‌ವೈರ್ ತನಕ ಧ್ವನಿ ಬಂದಿದೆ.

ಪಟ್ಟಿ ಕುಣೀತಿದೆ, ಆದರೆ ಆಡಾಸಿಟಿ 'ರೆಕಾರ್ಡಿಂಗ್ ಡಿವೈಸ್ ತೆರೆಯೋಕಾಗ್ತಿಲ್ಲ' ಅಂತಿದೆಯಾ? ಅದು ಡಬ್ಬಿಗೆ ಇಬ್ಬರು ಕೈ ಹಾಕಿರೋ ಜಗಳ. ಆಡಾಸಿಟಿಯಲ್ಲಿ ನೀವು ಹಾರ್ಡ್‌ವೇರಿನ ಹೆಸರನ್ನೇ ನೇರವಾಗಿ ಆರಿಸಿರ್ತೀರ, ಅದನ್ನ ಪೈಪ್‌ವೈರ್ ಆಗಲೇ ಹಿಡ್ಕೊಂಡಿರುತ್ತೆ. ಪಟ್ಟಿಯಲ್ಲಿ 'ಪೈಪ್‌ವೈರ್' ಅಥವಾ 'ಡೀಫಾಲ್ಟ್' ಆರಿಸಿ, ಜಗಳ ಮುಗಿಯುತ್ತೆ.

ಈಗ ಇಯರ್‌ಫೋನ್ ಮಾತು. ಕೇಳಿ.

(ಇಲ್ಲಿಂದ ಮೂರು ವಾಕ್ಯ ಎಡಗಿವಿಯಲ್ಲಿ ಮಾತ್ರ.)

ನಿಮ್ಮ ಬಲಗಿವಿ ಈಗ ಖಾಲಿ. ಎಷ್ಟೋ ಹೊಸ ಪಾಡ್‌ಕಾಸ್ಟ್‌ಗಳು ಹೀಗೇ ಬರ್ತವೆ, ಮಾಡಿದವರಿಗೆ ಗೊತ್ತೇ ಇರಲ್ಲ. ಬಸ್ಸಲ್ಲಿ ಒಂದೇ ಇಯರ್‌ಫೋನ್ ಹಾಕ್ಕೊಂಡು, ಅದೂ ಬಲಗಿವಿಗೆ, ಕೇಳೋರಿಗೆ ಏನೂ ಸಿಗಲ್ಲ.

(ಎರಡೂ ಕಿವಿ.)

ಯಾಕೆ ಹೀಗಾಗುತ್ತೆ ಅಂದ್ರೆ, ಎರಡು ಮೈಕಿನ ಡಬ್ಬಿಯನ್ನ ಲಿನಕ್ಸ್ ಒಂದು ಸ್ಟೀರಿಯೋ ಮೈಕ್ ಅಂದುಕೊಳ್ಳುತ್ತೆ. ಮೊದಲನೇ ತೂತು ಎಡಗಿವಿ, ಎರಡನೇದು ಬಲಗಿವಿ. ನೀವು ಒಂದೇ ಮೈಕ್ ಹಾಕಿದ್ದೀರ, ಬಲಗಡೆ ಬರೀ ಮೌನ. ಇದು ಕೆಟ್ಟಿರೋದಲ್ಲ, ತಿಳುವಳಿಕೆಯ ವ್ಯತ್ಯಾಸ. ಆಡಾಸಿಟಿಯಲ್ಲಿ ರೆಕಾರ್ಡ್ ಮಾಡೋ ಮುಂಚೆ ಚಾನೆಲ್ 'ಮೋನೋ' ಮಾಡಿ. ಈಗಾಗಲೇ ರೆಕಾರ್ಡ್ ಆಗಿಬಿಟ್ಟಿದ್ದರೂ ಗಾಬರಿ ಬೇಡ, ಟ್ರ್ಯಾಕಿನ ಮೆನುವಲ್ಲಿ 'ಸ್ಪ್ಲಿಟ್ ಸ್ಟೀರಿಯೋ ಟು ಮೋನೋ' ಕೊಟ್ಟು ಖಾಲಿ ಇರೋದನ್ನ ತೆಗೆದುಬಿಡಿ. ಉಳಿದದ್ದು ಎರಡೂ ಕಿವಿಗೆ ಸಮ ಬರುತ್ತೆ. ಇಬ್ಬರು ಎರಡು ಮೈಕಲ್ಲಿ ಮಾತಾಡೋದಾದರೆ ಕಾನ್ಫಿಗರೇಶನ್ನಲ್ಲಿ 'ಪ್ರೋ ಆಡಿಯೋ' ಆರಿಸಿ. ಆಗ ಪ್ರತಿ ತೂತೂ ಬೇರೆ ಬೇರೆ ಚಾನೆಲ್ ಆಗಿ ಸಿಗುತ್ತೆ.

ನನಗೆ ಅತಿ ಭಯದ ತೊಂದರೆ ಯಾವುದು ಅಂದ್ರೆ ಧ್ವನಿ ಬರದೇ ಇರೋದಲ್ಲ. ಬಂದು, ಮಧ್ಯೆ ಮಧ್ಯೆ ಟಕ್ ಟಕ್ ಅಂತ ಹರಿಯೋದು. ಧ್ವನಿನೇ ಬರದಿದ್ದರೆ ಅಲ್ಲೇ ಗೊತ್ತಾಗುತ್ತೆ, ನಿಲ್ಲಿಸ್ತೀವಿ. ಹರಿದದ್ದು ಗೊತ್ತಾಗೋದು ಮನೆಗೆ ಬಂದ ಮೇಲೆ. ಅಷ್ಟು ಹೊತ್ತಿಗೆ ಅಜ್ಜಿ ಹಾಡಿ ಮುಗಿಸಿರ್ತಾರೆ.

ಕಂಪ್ಯೂಟರ್ ಧ್ವನಿಯನ್ನ ಹನಿ ಹನಿಯಾಗಿ ತಗೊಳ್ಳಲ್ಲ, ಬಿಂದಿಗೆ ಬಿಂದಿಗೆಯಾಗಿ ತಗೊಳ್ಳುತ್ತೆ. ಆ ಬಿಂದಿಗೆಗೆ ಬಫರ್ ಅಂತಾರೆ, ಪೈಪ್‌ವೈರ್ ಭಾಷೆಯಲ್ಲಿ ಕ್ವಾಂಟಮ್. ಸೆಕೆಂಡಿಗೆ 48,000 ಸ್ಯಾಂಪಲ್ ಬರ್ತಿದ್ದು, ಬಿಂದಿಗೆ 128ರದ್ದಾದರೆ ಪ್ರತಿ 2.7 ಮಿಲಿಸೆಕೆಂಡಿಗೆ ಒಂದು ಸಲ ಖಾಲಿ ಮಾಡಬೇಕು. 1024ರದ್ದಾದರೆ 21.3 ಮಿಲಿಸೆಕೆಂಡ್ ಸಮಯ ಸಿಗುತ್ತೆ. ಹಳೇ ಲ್ಯಾಪ್‌ಟಾಪು, ಬ್ರೌಸರಲ್ಲಿ ಎಂಟು ಟ್ಯಾಬು. ಪ್ರೊಸೆಸರ್ ಒಂದು ಕ್ಷಣ ಆಕಡೆ ತಿರುಗಿದರೆ ಬಿಂದಿಗೆ ತುಂಬಿ ಚೆಲ್ಲುತ್ತೆ. ಆ ಚೆಲ್ಲಿದ ಜಾಗವೇ ಟಕ್. ಚೆಲ್ಲಿದ್ದನ್ನ ಯಾವ ಎಡಿಟರೂ ವಾಪಸ್ ತುಂಬಲ್ಲ.

ಚಿಕ್ಕ ಬಫರ್ ಬೇಕಾಗೋದು ಗಿಟಾರ್ ನುಡಿಸ್ತಾ ಕಂಪ್ಯೂಟರಿಂದಲೇ ತಿರುಗಿ ಕೇಳಿಸಿಕೊಳ್ಳೋರಿಗೆ. ಅವರಿಗೆ ಒಂದು ಚೂರು ತಡವಾದರೂ ತಾಳ ತಪ್ಪುತ್ತೆ. ನಮಗೆ ಆ ಗೋಜೇ ಇಲ್ಲ. ಡಬ್ಬಿಯ ಮೇಲೆ 'ಡೈರೆಕ್ಟ್ ಮಾನಿಟರ್' ಸ್ವಿಚ್ ಇದ್ದರೆ ಹಾಕಿ, ಹೆಡ್‌ಫೋನಲ್ಲಿ ಧ್ವನಿ ಕಂಪ್ಯೂಟರ್ ಸುತ್ತದೇ ನೇರ ಕೇಳುತ್ತೆ. ಹಾಗಾಗಿ ಬಫರ್ ದೊಡ್ಡದೇ ಇಟ್ಕೊಳ್ಳಿ. ಕಮಾಂಡ್ ಸ್ವಲ್ಪ ಉದ್ದ, ನಿಧಾನಕ್ಕೆ ಹೇಳ್ತೀನಿ: ಪಿ ಡಬ್ಲ್ಯು ಅಡ್ಡಗೆರೆ ಮೆಟಾಡೇಟಾ, ಸ್ಪೇಸ್, ಅಡ್ಡಗೆರೆ ಎನ್, ಸ್ಪೇಸ್, ಸೆಟ್ಟಿಂಗ್ಸ್, ಸ್ಪೇಸ್, ಸೊನ್ನೆ, ಸ್ಪೇಸ್, ಕ್ಲಾಕ್ ಚುಕ್ಕಿ ಫೋರ್ಸ್ ಅಡ್ಡಗೆರೆ ಕ್ವಾಂಟಮ್, ಸ್ಪೇಸ್, 1024. ಎಲ್ಲಾ ಇಂಗ್ಲಿಷ್ ಸಣ್ಣಕ್ಷರ. ಕೊನೆಯ 1024ರ ಜಾಗದಲ್ಲಿ ಸೊನ್ನೆ ಕೊಟ್ಟರೆ ಮೊದಲಿನ ಹಾಗೆ ಆಗುತ್ತೆ. ರೀಸ್ಟಾರ್ಟ್ ಮಾಡಿದರೂ ಅಷ್ಟೇ, ಮತ್ತೆ ಕೊಡಬೇಕು.

ಚೆಲ್ತಾ ಇದೆಯಾ ಅಂತ ಲೈವ್ ನೋಡೋಕೆ: ಪಿ ಡಬ್ಲ್ಯು, ಅಡ್ಡಗೆರೆ, ಟಿ ಓ ಪಿ. ಬರೋ ಪಟ್ಟಿಯಲ್ಲಿ ಇ ಆರ್ ಆರ್ ಅನ್ನೋ ಕಾಲಮ್ ಇದೆ. ನಿಮ್ಮ ಡಬ್ಬಿಯ ಸಾಲಿನಲ್ಲಿ ಆ ಅಂಕಿ ಏರ್ತಾ ಹೋದರೆ ಧ್ವನಿ ಹರೀತಿದೆ. ಶುರುವಿನಲ್ಲಿ ಒಂದೆರಡು ಬಂದು ನಿಂತರೆ ಚಿಂತೆ ಇಲ್ಲ. ರೆಕಾರ್ಡಿಂಗ್ ದಿನ ಬ್ರೌಸರ್ ಮುಚ್ಚಿ, ಅಪ್‌ಡೇಟ್ ನಿಲ್ಲಿಸಿ, ವೈಫೈ ಆಫ್ ಮಾಡಿ.

ಇನ್ನು ಗುಂಯ್ ಅನ್ನೋ ಸದ್ದು. ಇದು ಲಿನಕ್ಸಿನ ತಪ್ಪಲ್ಲ, ಆದರೆ ಬೈಗುಳ ಅದಕ್ಕೇ ಬೀಳುತ್ತೆ. ನಮ್ಮ ಕರೆಂಟ್ 50 ಹರ್ಟ್ಸ್. ಅದು ಚಾರ್ಜರ್ ಮೂಲಕ, ಸರಿಯಾದ ಅರ್ಥಿಂಗ್ ಇಲ್ಲದ ಪ್ಲಗ್ ಮೂಲಕ ಲ್ಯಾಪ್‌ಟಾಪಿಗೆ ಹತ್ತಿ, ಯುಎಸ್‌ಬಿ ಹಿಡಿದು ಡಬ್ಬಿಗೆ ಬರುತ್ತೆ. ಹಳೇ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತೆ, ಮೂರನೇ ತೂತಿನ ಹಿಂದೆ ತಂತಿನೇ ಇರಲ್ಲ. ಹೆಡ್‌ಫೋನ್ ಹಾಕ್ಕೊಂಡು ಚಾರ್ಜರ್ ಕೀಳಿ. ಸದ್ದು ಹೋಯ್ತಾ? ಹಾಗಾದರೆ ಬ್ಯಾಟರಿಯಲ್ಲೇ ರೆಕಾರ್ಡ್ ಮಾಡಿ. ಪಕ್ಕದ ಹೊಲದಲ್ಲಿ ಬೋರ್‌ವೆಲ್ ಮೋಟಾರ್ ಆನ್ ಮಾಡಿದಾಗ ಬರೋ ಟಪ್ ಅನ್ನೋದೂ ಬಹುಪಾಲು ಇದರಲ್ಲೇ ನಿಲ್ಲುತ್ತೆ. ಹಳೇ ಬ್ಯಾಟರಿ ಮುಕ್ಕಾಲು ಗಂಟೆ ಬಂದರೂ ಸಾಕು. ಎರಡು ಪದ ಹಾಡಿಸಿ, ಅಜ್ಜಿ ಎಲೆ ಅಡಿಕೆ ಹಾಕ್ಕೊಳ್ಳೋ ಹೊತ್ತಿಗೆ ಚಾರ್ಜ್ ಮಾಡ್ಕೊಳ್ಳಿ. ಸದ್ದು ಹೋಗಲಿ ಅಂತ ಪ್ಲಗ್ಗಿನ ಮೂರನೇ ಪಿನ್ ಮುರಿಯೋರು ಇದ್ದಾರೆ. ದಯವಿಟ್ಟು ಬೇಡ, ಶಾಕ್ ಹೊಡೆದರೆ ತಡೆಯೋದು ಆ ಪಿನ್ನೇ. ಫೋನನ್ನ ಫ್ಲೈಟ್ ಮೋಡಿಗೆ ಹಾಕಿ ಡಬ್ಬಿಯಿಂದ ದೂರ ಇಡಿ, ಡರ್ ಡರ್ ಅನ್ನೋದು ಅದರದ್ದು.

ಗೈನ್ ಬಗ್ಗೆ ಒಂದೇ ಮಾತು. ಜೋರಾಗಿ ಹಾಡಿದಾಗ ಮೀಟರ್ ಮೈನಸ್ 12ರ ಹತ್ರ ಬಂದರೆ ಸಾಕು. ಪದ ಹಾಡೋರು ಶುರು ಮಾಡೋದು ಮೆಲ್ಲಗೆ, ಪಲ್ಲವಿ ಎತ್ತಿಕೊಂಡಾಗ ಧ್ವನಿ ದುಪ್ಪಟ್ಟಾಗುತ್ತೆ. ಸಣ್ಣಗಿರೋದನ್ನ ಆಮೇಲೆ ಏರಿಸಬಹುದು, ಒಡೆದ ಧ್ವನಿ ಕೂಡಿಸೋಕಾಗಲ್ಲ. 24 ಬಿಟ್, 48 ಕಿಲೋಹರ್ಟ್ಸ್, ಮೋನೋ ವೇವ್ ಫೈಲ್ ಇಡಿ. ಲೆಕ್ಕ ಹಾಕಿದೆ: ಗಂಟೆಗೆ ಸುಮಾರು 518 ಎಂಬಿ. 32 ಜಿಬಿ ಪೆನ್‌ಡ್ರೈವಲ್ಲಿ ಐವತ್ತು ಗಂಟೆಗೂ ಜಾಸ್ತಿ ಹಿಡಿಯುತ್ತೆ. ಜಾಗ ಉಳಿಸೋಕೆ ಎಂಪಿ3 ಮಾಡೋ ಅಗತ್ಯ ಇಲ್ಲ.

ಕೊನೆಗೆ, ಸಹಾಯ ಕೇಳೋರಿಗೆ. 'ಸೌಂಡ್ ಬರ್ತಿಲ್ಲ, ಹೆಲ್ಪ್ ಮಾಡಿ' ಅಂತ ಒಂದೇ ಸಾಲು ಕಳಿಸಿದರೆ ನಾನು ಮತ್ತೆ ಹತ್ತು ಪ್ರಶ್ನೆ ಕೇಳಬೇಕು. ಡಬ್ಬಿಯ ಪೂರ್ತಿ ಹೆಸರು, ಲಿನಕ್ಸ್ ಯಾವುದು ಎಷ್ಟನೇ ಆವೃತ್ತಿ, ಯುಎಸ್‌ಬಿ ಪಟ್ಟಿಯ ಮತ್ತು ರೆಕಾರ್ಡ್ ಪಟ್ಟಿಯ ಸ್ಕ್ರೀನ್‌ಶಾಟ್, ಯಾವ ಮೆಟ್ಟಿಲ ತನಕ ಸರಿ ಇತ್ತು, ಇಷ್ಟು ಕಳಿಸಿ. ಟಕ್ ಟಕ್ ತೊಂದರೆ ಆದರೆ ಹತ್ತು ಸೆಕೆಂಡಿನ ಆಡಿಯೋನೂ ಇರಲಿ, ಆದರೆ ವಾಟ್ಸ್ಆ್ಯಪ್‌ನಲ್ಲಿ ವಾಯ್ಸ್ ನೋಟ್ ಮಾಡಿ ಅಲ್ಲ, ಡಾಕ್ಯುಮೆಂಟ್ ಅಂತ ಸೇರಿಸಿ. ವಾಯ್ಸ್ ನೋಟ್ ಧ್ವನಿಯನ್ನ ಕುಗ್ಗಿಸಿಬಿಡುತ್ತೆ, ಟಕ್ ನಿಮ್ಮ ಡಬ್ಬೀದೋ ವಾಟ್ಸ್ಆ್ಯಪ್‌ದೋ ನನಗೆ ಗೊತ್ತಾಗಲ್ಲ.